ಬೀರುವಿನೊಳಗಿನ ವಾಚು

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಮಂಡ್ಯದ ಅಂಚಿನ ಗುತ್ತಲಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಬಂದ ಉಡುಗೊರೆಗಳಲ್ಲಿ ಗೋಡೆ ಗಡಿಯಾರಗಳೇ ಹೆಚ್ಚಾಗಿದ್ದವು. ದೇವರ ಪಟ ಅಂಟಿಸಿದ್ದು, ಜೋಡಿ ಹಂಸದ್ದು, ತಾಜಮಹಲಿನ ಆಕಾರದ್ದು. ಎಲ್ಲವೂ ಡಬ್ಬಿ ಬಿಚ್ಚದೆ ಅಟ್ಟ ಸೇರಿ, ಅಲ್ಲಿಂದ ಬೇರೆಯವರ ಗೃಹಪ್ರವೇಶಗಳಿಗೆ ಹೊರಟುಹೋದವು. ಯಾರಾದರೂ ಕೇಳಿದರೆ ಮೊಬೈಲಿದೆಯಲ್ಲ, ಗಡಿಯಾರ ಯಾಕೆ ಅನ್ನುತ್ತಿದ್ದೆ. ನಿಜವಾದ ಕಾರಣ ಅವ್ವ. ಟಿಕ್ ಟಿಕ್ ಸದ್ದು ಅವಳಿಗೆ ಆಗುತ್ತಿರಲಿಲ್ಲ. ಆ ಸದ್ದು ಕಿವಿಗೆ ಬಿದ್ದರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ, ಎರಡು ಮೂರು ದಿನ ನಿದ್ದೆಯೂ ಇಲ್ಲ.

ಅದು ಯಾಕೆ ಅನ್ನುವುದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ನನಗೊಬ್ಬ ಅಣ್ಣನಿದ್ದ. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ನೇತಾಡಿಕೊಂಡು ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವನು. ಆ ಖುಷಿಗೆ ನಮ್ಮ ಸೋದರಮಾವ ಅವನನ್ನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ಒಂದು ವಾಚು ಕೊಡಿಸಿದರು. ಸ್ಟೀಲಿನ ಚೈನು, ಬಿಳಿ ಮುಖ, ಕೀ ಕೊಡುವಂಥದ್ದು. ನಮ್ಮ ಮನೆಗೆ ಅದೇ ಮೊದಲ ವಾಚು. ಅದುವರೆಗೆ ಅಪ್ಪ ಬಿಸಿಲು ನೋಡಿ ಹೊತ್ತು ಹೇಳುತ್ತಿದ್ದರು, ಅವ್ವ ಬಸ್ಸಿನ ಹಾರನ್ನು ಕೇಳಿ ಹೇಳುತ್ತಿದ್ದಳು. ಅಣ್ಣ ಮತ್ತು ನಾನು ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದೆವು. ಬೆಳಿಗ್ಗೆ ಅವ್ವ ಕೊಟ್ಟಿಗೆಗೆ ಎದ್ದುಹೋದ ಮೇಲೆ ಅವನು ಕಂಬಳಿಯೊಳಗೇ ಕಿರ್ ಕಿರ್ ಅಂತ ಕೀ ಕೊಟ್ಟು, ವಾಚನ್ನು ನನ್ನ ಕಿವಿಗೆ ಒತ್ತಿ, "ಸಾಕು ಬುಡ್ಲಾ, ಕೇಳಿ ಕೇಳಿ ಸವುದೋಯ್ತದೆ" ಅಂತ ಕಿತ್ತುಕೊಳ್ಳುತ್ತಿದ್ದ. ಅವನ ಬಾಯಲ್ಲಿ ಬಂದದ್ದೆಲ್ಲ ನನಗೆ ನಿಜ. ಕೇಳಿದರೆ ವಾಚು ಸವೆಯುತ್ತದೆ ಅಂತ ಬಹಳ ಕಾಲ ನಂಬಿದ್ದೆ.

ಅದೇ ಬೇಸಿಗೆಯಲ್ಲಿ ಒಂದು ಸಂಜೆ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋದವನು ವಾಪಸು ಬರಲಿಲ್ಲ. ಕತ್ತಲಾಗುವ ಮೊದಲೇ ಅವನ ಚಪ್ಪಲಿ ನಾಲೆಯ ಮೆಟ್ಟಿಲ ಮೇಲೆ ಸಿಕ್ಕಿತು. ಕೈಕಾಲು ತೊಳೆಯಲು ಇಳಿದು ಜಾರಿರಬೇಕು ಅಂದರು. ಊರಿನವರು ರಾತ್ರಿಯೆಲ್ಲ ದಡದುದ್ದಕ್ಕೂ ಹುಡುಕಿದರು. ಬೆಳಿಗ್ಗೆ ಕೆಳಗಿನ ತೂಬಿನ ಹತ್ತಿರ ಸಿಕ್ಕ. ದಡದ ಮೇಲೆ ಮಲಗಿಸಿದಾಗ ನಾನು ದೊಡ್ಡವರ ಕಾಲುಗಳ ಸಂದಿಯಲ್ಲಿ ನುಗ್ಗಿ ನೋಡಿದೆ. ಮುಖ ನೋಡಲಾಗಲಿಲ್ಲ, ಕೈ ನೋಡಿದೆ. ವಾಚು ಓಡುತ್ತಿತ್ತು. ಸೆಕೆಂಡಿನ ಮುಳ್ಳು ತನಗೇನೂ ಸಂಬಂಧವಿಲ್ಲ ಅನ್ನುವ ಹಾಗೆ ಸುತ್ತುತ್ತಿತ್ತು.

ಅವ್ವ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಿರುಚಿದಳು. "ಓಡ್ತಾ ಅದೆ, ನೋಡ್ರೋ, ಓಡ್ತಾ ಅದೆ! ಮಣ್ ಮಾಡ್ಬ್ಯಾಡ್ರೋ!" ಹೆಂಗಸರು ಅವಳನ್ನು ಹಿಡಿದು ಎಳೆದರು. ಬುದ್ಧಿ ಕದಲಿದೆ, ಹೆತ್ತ ಕರುಳು, ಇನ್ನೇನು ಮಾಡುತ್ತದೆ ಅಂದರು. ಹೆಣ ಕೊಯ್ಯಿಸುವುದು ಬೇಡ ಅಂತ ಹಿರಿಯರು ತಮ್ಮತಮ್ಮಲ್ಲೇ ತೀರ್ಮಾನ ಮಾಡಿ, ಅವತ್ತೇ ಹೊತ್ತು ಇಳಿಯುವ ಮೊದಲು ನಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ವಾಚು ಬಿಚ್ಚಲು ಹೋದವರ ಕೈಯನ್ನು ಅವ್ವ ಕಚ್ಚಿದಳಂತೆ. ಆಸೆಪಟ್ಟ ವಸ್ತು, ಅವನ ಜೊತೆಗೇ ಹೋಗಲಿ ಅಂತ ಬಿಟ್ಟರು. ಹಾಗಾಗಿ ಅಣ್ಣನನ್ನು ಓಡುತ್ತಿದ್ದ ವಾಚಿನ ಸಮೇತ ಹೂತೆವು.

ಆ ಮೇಲಿನ ಅವ್ವ ಬೇರೆಯೇ ಅವ್ವ. ಕೆಲಸ ಮಾಡುತ್ತಾ ಮಾಡುತ್ತಾ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತುಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿದ್ದರೆ ಮಾತಿಲ್ಲದೆ ನನ್ನ ಮಣಿಕಟ್ಟು ಹಿಡಿದು ಹೆಬ್ಬೆರಳು ಒತ್ತುತ್ತಿದ್ದಳು, ಬಹಳ ಹೊತ್ತು. ಪ್ರೀತಿ ಅಂದುಕೊಂಡಿದ್ದೆ. ಒಂದು ವರ್ಷ ಪಿತೃಪಕ್ಷದಲ್ಲಿ ಎಡೆ ಇಡಲು ಹೊಲಕ್ಕೆ ಹೋಗಿದ್ದೆವು. ಅಪ್ಪ ಬಾಳೆಲೆ ತರಲು ಹೋದರು, ನಾನು ನೀರು ತಂದೆ. ಬಂದು ನೋಡಿದರೆ ನೆತ್ತಿ ಸುಡುವ ಬಿಸಿಲಲ್ಲಿ ಅವ್ವ ಅಣ್ಣನನ್ನು ಹೂತ ಗುಂಡಿಯ ಮೇಲೆ ಒಂದು ಮಗ್ಗುಲಾಗಿ ಮಲಗಿ ನೆಲಕ್ಕೆ ಕಿವಿ ಕೊಟ್ಟಿದ್ದಳು. ಕಣ್ಣು ತೆರೆದಿತ್ತು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ಸದ್ದು ಮಾಡಬೇಡ ಅಂದಳು. ನಾನು ತಂಬಿಗೆ ಅಲ್ಲೇ ಬಿಟ್ಟು ಓಡಿದೆ. ಆ ಹೊಲಕ್ಕೆ ಒಬ್ಬನೇ ಹೋಗಲು ಇವತ್ತಿಗೂ ನನಗೆ ಆಗುವುದಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಗುತ್ತಲಿಗೆ ಕರೆದುಕೊಂಡು ಬಂದೆ. ನಾನು ಮದ್ದೂರಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು, ನನ್ನ ಹೆಂಡತಿಗೆ ವಿ.ಸಿ. ಫಾರಂನ ಕೃಷಿ ಕಾಲೇಜಿನಲ್ಲಿ ಕೆಲಸ. ಇಬ್ಬರೂ ಹೊರಗೆ ಹೋದರೆ ಹಗಲೆಲ್ಲ ಮನೆಯಲ್ಲಿ ಅವ್ವ ಒಬ್ಬಳೇ. ಇಂಥ ಮನೆಯಲ್ಲಿದ್ದುಕೊಂಡು ನನಗೆ ಈ ವಯಸ್ಸಿನಲ್ಲಿ ವಾಚಿನ ಚಪಲ ಹತ್ತಿತು. ನೆಪ ಪರೀಕ್ಷೆಯದು. ಪರೀಕ್ಷೆ ಕೊಠಡಿಗೆ ಮೊಬೈಲು ಒಯ್ಯುವಂತಿಲ್ಲ, ಮೇಲ್ವಿಚಾರಣೆಗೆ ನಿಂತವನು ಹೊತ್ತು ತಿಳಿಯಲು ಕಿಟಕಿಯ ಬಿಸಿಲು ನೋಡಿಕೊಂಡು ನಿಲ್ಲಬೇಕು. ಒಳಗಿನ ನಿಜ ಬೇರೆ. ಮದುವೆ ಮನೆಗಳಲ್ಲಿ ಬಿಳಿ ಶರ್ಟಿನ ತೋಳಿನಂಚಿಂದ ಒಂದು ತೆಳ್ಳಗಿನ ವಾಚು ಇಣುಕಬೇಕು, ಅದಕ್ಕೆ ನಾನೇ ಕೀ ಕೊಡಬೇಕು, ಬೆಳಿಗ್ಗೆ ಅದು ನನ್ನ ಕಿವಿಯ ಹತ್ತಿರ ಟಿಕ್ ಟಿಕ್ ಅನ್ನಬೇಕು. ಕಂಬಳಿಯೊಳಗೆ ಯಾರೋ ಕಿತ್ತುಕೊಂಡದ್ದನ್ನು ನಾನು ಪೂರ್ತಿ ಕೇಳಬೇಕಿತ್ತು. ಆಸೆ ಅಂದರೆ ಆಸೆ, ಅದಕ್ಕೆ ಅರ್ಥಶಾಸ್ತ್ರ ಗೊತ್ತಾಗುವುದಿಲ್ಲ.

ಹೆಂಡತಿಗೆ ಹೇಳಿದೆ. "ತಗೊಳ್ಳಿ, ಬೇಡ ಅಂದವರ್ಯಾರು. ಆದರೆ ಅತ್ತೆ ಕಿವಿಗೆ ಬಿದ್ದರೆ ನೀವೇ ನೋಡ್ಕೋಬೇಕು. ಮೂರು ದಿನ ಊಟ ಬಿಟ್ಟರೆ ಈ ವಯಸ್ಸಲ್ಲಿ ಅವರು ಉಳೀತಾರಾ?" ಅಂದಳು. ಹೌದು, ಪ್ರಶ್ನೆ ಇದ್ದದ್ದು ಅಷ್ಟೇ. ನನ್ನ ಶೋಕಿಗೆ ಅವ್ವನ ಜೀವ ಹೋಗಬಾರದು.

ಹಣದ ಮಿತಿಯನ್ನು ಮೊದಲೇ ಹಾಕಿಕೊಂಡೆ. ಒಂದು ಒಳ್ಳೆಯ ಬಂಡೂರು ಟಗರಿನ ಬೆಲೆ ದಾಟಬಾರದು. ಆಮೇಲೆ ಮೊಬೈಲಿನಲ್ಲಿ ವಾಚಿನ ವಿಡಿಯೋ ನೋಡುವ ಹುಚ್ಚು ಹಿಡಿಯಿತು. ನನ್ನ ಮಣಿಕಟ್ಟು ಹೆಂಗಸರದ್ದರ ಹಾಗೆ ಸಣ್ಣ, ದೊಡ್ಡ ವಾಚು ಕಟ್ಟಿದರೆ ಸಾರಿನ ಪಾತ್ರೆಯ ಮುಚ್ಚಳ ಕಟ್ಟಿದ ಹಾಗಿರುತ್ತದೆ ಅನ್ನುವುದು ಗೊತ್ತಾಯಿತು. ತಾರೀಕು ತೋರಿಸುವ ಕಿಂಡಿ ಇದ್ದರೆ ಮುಖದ ಅಂದ ಕೆಡುತ್ತದೆ, ಗಾಜು ಸುಲಭಕ್ಕೆ ಗೀರು ಬೀಳದಂಥದ್ದಾಗಿರಬೇಕು, ಸಮಾರಂಭಕ್ಕೆ ಕಟ್ಟುವುದಕ್ಕೆ ಚೈನಿಗಿಂತ ಚರ್ಮದ ಪಟ್ಟಿ ಮೇಲು. ಇಷ್ಟೆಲ್ಲ ಕಲಿತು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯತೊಡಗಿದೆ. ಸಹೋದ್ಯೋಗಿಯೊಬ್ಬ ತಲೆಯೆತ್ತದೆ, "ಸಾರ್, ನೀವ್ ಇಷ್ಟು ಯೋಚ್ನೆ ಮಾಡಿ ಮದ್ವೇನೂ ಆಗಿರಲ್ಲ" ಅಂದ.

ಮೊದಲು ಮಳವಳ್ಳಿಗೆ ಹೋದೆ. ಅಲ್ಲಿ ಹಳೆಯ ಕೀ ವಾಚುಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ಇದೆ, ಅಗ್ಗ ಅಂತ ಯಾರೋ ಹೇಳಿದ್ದರು. ಅಂಗಡಿಯವರು ಒಂದು ತಟ್ಟೆಯ ತುಂಬ ವಾಚು ತಂದು ಮುಂದಿಟ್ಟು ಟೀಗೆ ಹೋದರು. ಎಲ್ಲವೂ ನಿಂತಿದ್ದವು, ಒಂದೊಂದು ಒಂದೊಂದು ಹೊತ್ತಿನಲ್ಲಿ. ಹೆಚ್ಚಿನವಕ್ಕೆ ಮುಖಕ್ಕೆ ಹೊಸ ಬಣ್ಣ ಬಳಿದಿದ್ದರು, ಅಂಕಿಗಳು ಸೊಟ್ಟಗಿದ್ದವು. ತಟ್ಟೆಯ ಮೂಲೆಯಲ್ಲಿ ಸ್ಟೀಲಿನ ಚೈನಿನ, ಬಿಳಿ ಮುಖದ ಒಂದು ವಾಚು ಇತ್ತು. ಅಣ್ಣನದ್ದರ ಹಾಗೆಯೇ. ಎತ್ತಿಕೊಂಡೆ. ಕೀ ಕೊಟ್ಟಿರಲಿಲ್ಲ, ಏನೂ ಮಾಡಿರಲಿಲ್ಲ, ಬರೀ ಎತ್ತಿಕೊಂಡೆ ಅಷ್ಟೇ. ಅದು ನನ್ನ ಅಂಗೈಯಲ್ಲಿ ಓಡಿತು. ನಾಲ್ಕಾರು ಬಡಿತ ಬಡಿದು ಮತ್ತೆ ನಿಂತಿತು.

ಒಳಗೆ ಉಳಿದಿದ್ದ ಚೂರುಪಾರು ಕೀ ಅಲುಗಾಟಕ್ಕೆ ಬಿಚ್ಚಿಕೊಂಡಿರುತ್ತದೆ, ಅಷ್ಟೇ, ಇದೆಲ್ಲ ವಿಡಿಯೋದಲ್ಲಿ ನೋಡಿದ್ದೇ. ಆದರೂ ತಟ್ಟೆಯಲ್ಲಿ ಇಟ್ಟವನು ಅಂಗಡಿಯವರು ಬರುವವರೆಗೆ ಕಾಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ. ಹಳೆಯದರ ಸಹವಾಸವೇ ಬೇಡ, ಯಾರ ಕೈಯಲ್ಲೂ ಇರದ ಹೊಸದೇ ಆಗಬೇಕು ಅಂತ ತೀರ್ಮಾನವಾಯಿತು.

ಮಂಡ್ಯದ ಅಂಗಡಿಯವರು ಮಾತುಗಾರರು. "ಕೀ ಕೊಡದ್ ಯಾಕ್ ಸಾರ್ ನಿಮ್ಗೆ? ಸೆಲ್ಲಿಂದ್ ತಗಳಿ, ತಲೆನೋವಿಲ್ಲ" ಅಂದರು.

"ತಲೆನೋವು ಬೇಕು ಅಂತಲೇ ಬಂದಿದ್ದೀನಿ" ಅಂದೆ.

ನಕ್ಕು ಎರಡು ವಾಚು ತೆಗೆದಿಟ್ಟರು. ಒಂದು ಆಟೋಮ್ಯಾಟಿಕ್. "ಇದುಕ್ ಕೀ ಬ್ಯಾಡ. ಕೈ ಆಡ್ತಾ ಇದ್ರೆ ಸಾಕು, ಅದರಿಂದ್ಲೇ ತುಂಬ್ಕತದೆ. ಬಿಚ್ಚಿ ಮಡಗಿದ್ರೆ ಆಮೇಕೆ ನಿಂತೋಯ್ತದೆ." ಕಟ್ಟಿ ನೋಡಿದೆ. ದಪ್ಪ, ಶರ್ಟಿನ ತೋಳು ಅದರ ಮೇಲೆ ಇಳಿಯಲೊಲ್ಲದು. ಅದಕ್ಕಿಂತ ಹೆಚ್ಚಾಗಿ, ನನ್ನ ಕೈಯಿಂದ ಉಂಡು ಬದುಕುವ ವಸ್ತು ಅನ್ನುವ ಯೋಚನೆಯೇ ನನಗೆ ಸೇರಲಿಲ್ಲ. ಇನ್ನೊಂದು ಕೀ ಕೊಡುವಂಥದ್ದು. ಕೆನೆ ಬಣ್ಣದ ಮುಖ, ತಾರೀಕಿಲ್ಲ, ಕೆಳಗೆ ಒಂದು ಪುಟ್ಟ ಸುತ್ತಿನಲ್ಲಿ ಸೆಕೆಂಡಿನ ಮುಳ್ಳು, ಕಂದು ಪಟ್ಟಿ. ಬೆನ್ನಿಗೆ ಗಾಜು, ಒಳಗಿನ ಚಕ್ರಗಳು ಕಾಣುತ್ತವೆ. ಕೈಗೆ ಕಟ್ಟಿದರೆ ಕಟ್ಟಿದ್ದೇ ಗೊತ್ತಾಗದಷ್ಟು ತೆಳು. ಪೂರ್ತಿ ಕೀ ಕೊಟ್ಟರೆ ಒಂದು ಹಗಲು ಒಂದು ರಾತ್ರಿ ದಾಟಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ ಅಂದರು. ಟಗರಿನ ಬೆಲೆಗೆ ಸ್ವಲ್ಪ ಮೇಲಾಯಿತು. ಯೋಚಿಸದೆ ಕೊಟ್ಟೆ.

ಆಮೇಲೆ ಶುರುವಾದದ್ದು ಕಳ್ಳತನದ ಬಾಳು. ವಾಚನ್ನು ನಮ್ಮ ಕೋಣೆಯ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಇಡುತ್ತಿದ್ದೆ. ಸಂಜೆ ಬಾಗಿಲು ಹಾಕಿಕೊಂಡು ಕೀ ಕೊಡುವುದು, ಬೆಳಿಗ್ಗೆ ಬ್ಯಾಗಿಗೆ ಸೇರಿಸಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಕೊಳ್ಳುವುದು, ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಬಿಚ್ಚುವುದು. ಸಿಗರೇಟು ಸೇದುವ ಪಡ್ಡೆ ಹುಡುಗರೂ ಇಷ್ಟು ಹೆದರುವುದಿಲ್ಲ. ಅವ್ವನಿಗೆ ಕಿವಿ ಮಂದ. ಕುಕ್ಕರು ಕೂಗಿದ್ದು ಕೇಳುವುದಿಲ್ಲ, ಟಿವಿಯನ್ನು ಬೀದಿಗೆಲ್ಲ ಕೇಳುವಂತೆ ಹಾಕುತ್ತಾಳೆ, ಎದುರಿಗೆ ನಿಂತು ಕೂಗಿದರೆ ಮಾತ್ರ ತಿರುಗುತ್ತಾಳೆ. ಎರಡು ಬಾಗಿಲು, ಅಷ್ಟು ಸೀರೆ ದಾಟಿ ಆ ಸಣ್ಣ ಸದ್ದು ಕೇಳುವುದು ಸಾಧ್ಯವೇ ಇಲ್ಲ ಅಂತ ಧೈರ್ಯ ತಂದುಕೊಂಡಿದ್ದೆ.

ಆದರೆ ಅವ್ವ ಮತ್ತೆ ತಲೆ ವಾಲಿಸಿ ನಿಲ್ಲತೊಡಗಿದ್ದಳು. ಸೊಪ್ಪು ಸೋಸುತ್ತಾ ಕೈ ನಿಲ್ಲಿಸುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ, "ಯಾರ್ಲಾ ಅದು, ಕರೀತಾ ಅವ್ರೆ?" ಅಂದಳು. ಯಾರೂ ಇಲ್ಲ ಕಣವ್ವ ಅಂದೆ. ನನ್ನ ಮುಖವನ್ನೇ ನೋಡಿ, ಮುದ್ದೆಯನ್ನು ಹಾಗೇ ಬಿಟ್ಟು ಎದ್ದಳು. ವಾಚನ್ನು ಕಾಲೇಜಿನಲ್ಲೇ ಬೀಗ ಹಾಕಿ ಇಟ್ಟುಬಿಡಬೇಕು ಅಂತ ಅವತ್ತೇ ಅಂದುಕೊಂಡೆ. ಅಂದುಕೊಂಡದ್ದನ್ನು ಮಾಡಲಿಲ್ಲ, ಸಂಜೆಯ ಹೊತ್ತು ಅದಿಲ್ಲದೆ ಆಗುತ್ತಿರಲಿಲ್ಲ.

ಆಮೇಲೊಂದು ದಿನ ಅವಸರದಲ್ಲಿ ವಾಚನ್ನು ಬೀರುವಿನಲ್ಲೇ ಮರೆತುಹೋದೆ. ಮದ್ದೂರಿನಲ್ಲಿ ಇಳಿದು ಕೈ ನೋಡಿಕೊಂಡಾಗಲೇ ನೆನಪಾದದ್ದು. ಪಾಠ ಮಾಡಿದೆ, ಏನು ಮಾಡಿದೆನೋ. ಮಧ್ಯಾಹ್ನದ ತರಗತಿಯನ್ನು ಬೇರೆಯವರಿಗೆ ಒಪ್ಪಿಸಿ ಸಿಕ್ಕಿದ ಬಸ್ಸು ಹತ್ತಿದೆ.

ಮನೆಯ ಬಾಗಿಲು ತೆರೆದೇ ಇತ್ತು. ಟಿವಿ ಆರಿಸಿತ್ತು. ಹಗಲಿನಲ್ಲಿ ನಮ್ಮ ಮನೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಫ್ಯಾನು, ಫ್ರಿಜ್ಜು ಎಲ್ಲದರ ಸ್ವಿಚ್ಚೂ ಆಫಾಗಿತ್ತು. ಅವ್ವ ಅಂತ ಕರೆದೆ. ನಮ್ಮ ಕೋಣೆಗೆ ಹೋದೆ. ಅವ್ವ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದಳು. ಕೆನ್ನೆಯನ್ನು ತಗಡಿನ ಬಾಗಿಲಿಗೆ ಒತ್ತಿಕೊಂಡಿದ್ದಳು, ಒಂದು ಕೈ ಬಾಗಿಲ ಮೇಲೆ ಸವರಾಡುತ್ತಿತ್ತು. ನಾನು ಬಂದದ್ದು ನೋಡಿ ಹೆದರಲಿಲ್ಲ, ಏಳಲಿಲ್ಲ.

"ಒಳಗವ್ನೆ ಕಣ್ಲಾ," ಅಂದಳು, ಗುಟ್ಟು ಹೇಳುವ ಹಾಗೆ. "ಬಾಗ್ಲು ತಗಿ. ಇಸ್ ದಿನ ಆದ್ರೂ ಇನ್ನೂ ಒಡ್ಕತಾ ಅವ್ನೆ. ಬಿರ್ನೆ ತಗಿ, ಉಸ್ರು ಕಟ್ತದೆ."

ಬೀರುವಿಗೆ ಬೀಗ ಹಾಕಿತ್ತು, ಕೀಲಿಕೈ ನನ್ನ ಜೇಬಿನಲ್ಲಿತ್ತು. ಅದನ್ನು ತೆಗೆದು ಬೀಗದ ಕಿಂಡಿಗೆ ಹಚ್ಚಿ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಾಗಿಲು ತೆಗೆಯಲು ನನಗೆ ಭಯವಾಯಿತು. ಅರ್ಥಶಾಸ್ತ್ರದ ಮೇಷ್ಟ್ರಿಗೆ, ಮಟಮಟ ಮಧ್ಯಾಹ್ನ, ತನ್ನ ಮನೆಯ ಬೀರುವಿನ ಬಾಗಿಲು ತೆಗೆಯಲು ಭಯ. ತೆಗೆದೆ. ಸೀರೆಗಳು, ನುಸಿಗುಳಿಗೆಯ ವಾಸನೆ. ಸೀರೆಯ ಮಡಿಕೆಯಿಂದ ವಾಚನ್ನು ತೆಗೆದು ಅವ್ವನ ಮುಂದೆ ನೆಲದ ಮೇಲೆ ಇಟ್ಟೆ.

"ವಾಚು ಕಣವ್ವ. ನಂದೇ. ಮಂಡ್ಯದಲ್ಲಿ ತಗೊಂಡೆ. ತಪ್ಪಾಯ್ತು."

ಅವ್ವ ನೋಡಿದಳು. ಬೀರುವಿನ ಒಳಗೆ ಕತ್ತಲಿಗೆ ಕಣ್ಣು ಹಾಯಿಸಿ, ಮತ್ತೆ ವಾಚು ನೋಡಿದಳು. ಕೂಗಾಡುತ್ತಾಳೆ, ಎತ್ತಿ ಬಿಸಾಡುತ್ತಾಳೆ ಅಂತ ಕಾದೆ. ಅವಳು ಇನ್ನೂ ಹತ್ತಿರ ಬಗ್ಗಿದಳು.

"ಇದ್ಯಾರ್ ಕೈನಲ್ಲಿತ್ತು?"

"ಯಾರ ಕೈನಲ್ಲೂ ಇಲ್ಲ. ಸೀರೆಲಿ ಇತ್ತು."

"ಕೈ ಇಲ್ದೆ ಓಡ್ತದಾ?"

ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಓಡುತ್ತದೆ ಅಂದೆ. ಕೀ ಕೊಟ್ಟರೆ ಸಾಕು, ಕೈ ಯಾಕೆ ಬೇಕು ಅಂದೆ. ವಾಚನ್ನು ಮಗುಚಿ ಬೆನ್ನಿನ ಗಾಜಿನಲ್ಲಿ ಚಕ್ರ ಅತ್ತಿತ್ತ ಆಡುವುದನ್ನು ತೋರಿಸಿದೆ. ಒಳಗೊಂದು ಸುರುಳಿ ಪಟ್ಟಿ ಇದೆ, ಅದನ್ನು ಬಿಗಿ ಮಾಡುವುದಕ್ಕೇ ಕೀ ಅನ್ನುವುದು, ಅದು ಬಿಚ್ಚಿಕೊಳ್ಳುತ್ತಾ ಓಡಿಸುತ್ತದೆ, ಪೂರ್ತಿ ಬಿಚ್ಚಿದರೆ ನಿಲ್ಲುತ್ತದೆ. ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಅವ್ವ ಚಕ್ರದಿಂದ ಕಣ್ಣು ಕೀಳದೆ ಕೇಳುತ್ತಿದ್ದಳು. ಕೊನೆಗೆ, "ಸತ್ತೋರ್ ಕೈನಲ್ಲೂ ಓಡ್ತದಾ?" ಅಂದಳು.

"ಹೂ ಕಣವ್ವ, ಸತ್ತೋರ ಕೈನಲ್ಲೂ ಓಡ್ತದೆ."

ಅವ್ವ ಬೀರುವಿಗೆ ಒರಗಿಕೊಂಡಳು. ಒರಗಿಕೊಂಡೇ ಮಾತಾಡಿದಳು. ಮಾತು ನನಗೋ, ವಾಚಿಗೋ ಗೊತ್ತಾಗಲಿಲ್ಲ.

"ಅವ್ನು ನಂಗ್ ಅಂಗ್ ಯೋಳ್ನಿಲ್ಲ. ಇದ್ ಯಂಗ್ಲಾ ಓಡ್ತದೆ ಅಂತ ಕೇಳ್ದೆ. ನನ್ ನಾಡಿ ಒಡ್ಕತದಲ್ಲವ್ವ, ಅದ್ರಿಂದ್ಲೇ ಓಡ್ತದೆ, ನಾಡಿ ನಿಂತ್ರೆ ನಿಂತೋಯ್ತದೆ ಅಂದ. ನಗಾಡ್ತಿದ್ದ. ನಾ ನಂಬ್ಕಂಡೆ. ಅವತ್ ನೀರಿಂದ ಎತ್ದಾಗ ಓಡ್ತಾ ಇತ್ತಲ್ಲಪ್ಪ. ನೀನೂ ನೋಡ್ದೆ. ಜೀವ ಅದೆ, ಮಣ್ ಮಾಡ್ಬ್ಯಾಡಿ ಅಂತ ಬಡ್ಕಂಡೆ. ಒಬ್ರೂ ಕೇಳ್ನಿಲ್ಲ. ಹಾಲುತುಪ್ಪದ ದಿನ ಗುಂಡಿ ಮೇಲೆ ಕಿವಿ ಮಡಗಿ ಕೇಳ್ದೆ. ಸದ್ದಿರ್ನಿಲ್ಲ. ಆಗ ನಿಂತೋಗಿತ್ತು. ಒಳಗೇ ಎರಡ್ ದಿನ ಬದುಕಿದ್ದು ಓಗ್ಬುಟ್ಟ ಅನ್ಕಂಡೆ. ನನ್ನ ಕರ್ದಿರ್ತಾನೆ ಅನ್ಕಂಡೆ."

ಹಾಲುತುಪ್ಪ ಅಂದರೆ ಮಣ್ಣು ಮಾಡಿದ ಮೂರನೆಯ ದಿನದ ಶಾಸ್ತ್ರ. ಆ ದಿನದಿಂದ ಇವತ್ತಿನವರೆಗೆ, ನಾನು ಓದಿ, ಕೆಲಸ ಹಿಡಿದು, ಮದುವೆಯಾಗಿ, ಮನೆ ಕಟ್ಟಿಸಿ ತಲೆ ನರೆಸಿಕೊಳ್ಳುವವರೆಗೆ, ಹಡೆದ ಮಗನನ್ನು ಜೀವಂತ ಹೂತೆವು ಅಂತ ನಂಬಿಕೊಂಡು ಈ ಹೆಂಗಸು ಮುದ್ದೆ ತಿರುವಿದ್ದಾಳೆ, ನನ್ನ ಮದುವೆಯಲ್ಲಿ ಸೋಬಾನೆ ಹೇಳಿದ್ದಾಳೆ. ಅಪ್ಪನಿಗೂ ಹೇಳಿರಲಿಲ್ಲವಂತೆ. "ಮಣ್ ಆಕಿದ್ ಅವ್ರಲ್ವಾ, ಯಂಗ್ ಯೋಳ್ಲಿ" ಅಂದಳು. ನಾನು ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವಳು ಅಳಲಿಲ್ಲ. ನನ್ನ ಮಾತನ್ನು ಅವಳು ಇನ್ನೂ ಪೂರ್ತಿ ನಂಬಿರಲಿಲ್ಲ.

"ಮುಟ್ಬ್ಯಾಡ ಅದ. ಕೀ ಕೊಡ್ಬ್ಯಾಡ. ಅಂಗೇ ಇರ್ಲಿ, ನೋಡನ" ಅಂದಳು.

ಒಂದು ಹಿತ್ತಾಳೆ ತಟ್ಟೆ ತರಿಸಿ ವಾಚನ್ನು ಅದರಲ್ಲಿ ಇಡಿಸಿದಳು. ನಡುಮನೆಯಲ್ಲಿ ಗೋಡೆಗೆ ಒರಗಿ ತಟ್ಟೆಯ ಮುಂದೆ ಕೂತಳು. ಹೆಂಡತಿ ಬಂದು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ಹೆಣದ ಪಕ್ಕ ಕೂರುವ ಹಾಗೆಯೇ ಇತ್ತು ಅದು, ಬಂದವರು ದನಿ ತಗ್ಗಿಸಬೇಕಾಗುವಂಥ ಕೂರುವಿಕೆ. ಮಾರನೆಯ ದಿನ ನಾನು ರಜೆ ಹಾಕಿದೆ. ಅವ್ವ ಅಲ್ಲೇ ಕಾಫಿ ಕುಡಿದಳು, ಅಲ್ಲೇ ತೂಕಡಿಸಿದಳು. ಯಾರೂ ಮುಟ್ಟದ ವಾಚು, ಯಾರ ಕೈಯ ಬಿಸಿಯೂ ಇಲ್ಲದೆ ತಣ್ಣಗಿನ ತಟ್ಟೆಯಲ್ಲಿ ಓಡುತ್ತಿತ್ತು. ತಟ್ಟೆಗೆ ತಗುಲಿ ಸದ್ದು ದೊಡ್ಡದಾಗಿ ಮನೆಯ ತುಂಬ ಕೇಳುತ್ತಿತ್ತು. ಒಮ್ಮೊಮ್ಮೆ ಅದು ತಟ್ಟೆಯಿಂದಲ್ಲ, ನೆಲದ ಒಳಗಿನಿಂದ ಬರುತ್ತಿದೆ ಅನ್ನಿಸಿ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಬಿಸಿಲು ನಡುಮನೆಯೊಳಗೆ ಬರುವ ಹೊತ್ತಿಗೆ ಸದ್ದು ಸಣ್ಣದಾಯಿತು. ಪುಟ್ಟ ಸುತ್ತಿನಲ್ಲಿ ಮುಳ್ಳು ಇನ್ನೇನು ನಿಂತೆ ಅನ್ನುವ ಹಾಗೆ ತಡೆದು ತಡೆದು ಹೋಗಿ ನಿಂತಿತು. ಅವ್ವ ಕಾದಳು. ಬಗ್ಗಿ ತಟ್ಟೆಗೆ ಕಿವಿ ಕೊಟ್ಟಳು. ಆಮೇಲೆ ನೆಟ್ಟಗೆ ಕೂತು ಸೆರಗನ್ನು ಬಾಯಿಗೆ ಇಟ್ಟುಕೊಂಡು ಕೂಗಿ ಅತ್ತಳು. ಊರಿನ ಹೆಂಗಸರು ಸಾವಿನ ಮನೆಯಲ್ಲಿ ಅಳುವಂತೆ, ಹೆಸರು ಹಿಡಿದು, ಹುಟ್ಟಿದ್ದು ಬೆಳೆದದ್ದೆಲ್ಲ ಹಾಡಿಕೊಂಡು ಅತ್ತಳು. ಅಣ್ಣ ಸತ್ತಾಗ ಅವಳು ಹಾಗೆ ಅತ್ತಿರಲಿಲ್ಲ. ಬದುಕಿದ್ದಾನೆ ಅಂದುಕೊಂಡವನಿಗೆ ಹೇಗೆ ಅತ್ತಾಳು?

ಅತ್ತು ಮುಗಿದ ಮೇಲೆ ಮುಖ ತೊಳೆದು ಬಂದಳು. "ನಾವ್ ಮಣ್ ಮಾಡದ್ಕೂ ಮುಂಚೇನೇ ಓಗಿದ್ದ ಬುಡು. ಅವತ್ ಸಂಜೆ ನೀರಿಗ್ ಬಿದ್ದಾಗ್ಲೇ ಓಗಿದ್ದ. ವಾಚ್ ಓಡ್ತಿತ್ತು ಅಷ್ಟೇಯ" ಅಂದಳು. ಎರಡು ಮುದ್ದೆ ಉಂಡಳು. ತಟ್ಟೆ ಕಡೆ ಬೊಟ್ಟು ಮಾಡಿ, "ಕೀ ಕೊಟ್ಟು ಕಟ್ಕೊ, ಒಳ್ಳೆ ವಾಚು" ಅಂದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ದಿನವೂ ಬೆವರು ಹೀರಿ ಚರ್ಮದ ಪಟ್ಟಿ ವಾಸನೆ ಬರತೊಡಗಿತು. ಅದನ್ನು ಬದಲಾಯಿಸಲು ಮತ್ತೆ ಅದೇ ಅಂಗಡಿಗೆ ಹೋದೆ. ಅಂಗಡಿಯವರು ಪಟ್ಟಿ ಬಿಚ್ಚುತ್ತಾ ನೀರು ತಾಗಿಸಬೇಡಿ ಅಂತ ಎಚ್ಚರಿಸಿದರು. ಮಾತಿಗೆ ಮಾತು ಅಂತ ಕೇಳಿದೆ, ಹಳೆಯ ಕಾಲದ ಕೀ ವಾಚು ನೀರಿಗೆ ಬಿದ್ದರೆ ಏನಾಗುತ್ತಿತ್ತು?

"ಮುಗೀತು ಸಾರ್. ಕೀ ತಿರುಗ್ಸೋ ಸಂದಿಯಲ್ಲೇ ನೀರ್ ನುಗ್ತದೆ. ನೀವೊಂದ್ ಟೀ ಕುಡಿಯೋದ್ರಲ್ಲಿ ನಿಂತೋಯ್ತದೆ."

"ರಾತ್ರಿಯೆಲ್ಲ ನೀರಲ್ಲಿದ್ದು, ಬೆಳಿಗ್ಗೆ ಎತ್ತಿದಾಗ ಓಡ್ತಾ ಇದ್ದರೆ?"

ಅವರು ನಕ್ಕರು. "ಅಂಗಾರೆ ಅದು ರಾತ್ರಿಯೆಲ್ಲ ನೀರಲ್ಲಿ ಇರ್ನಿಲ್ಲ ಬುಡಿ ಸಾರ್. ಆಗಷ್ಟೇ ಬಿದ್ದಿರ್ಬೇಕು."

ಹೊಸ ಪಟ್ಟಿ ಕಟ್ಟಿಸಿಕೊಂಡು ಬೀದಿಗೆ ಇಳಿದೆ. ಜನ, ಆಟೋ, ಕಬ್ಬಿನ ಗಾಡಿ, ಯಾವುದೂ ಕಿವಿಗೆ ಬೀಳಲಿಲ್ಲ. ಚಪ್ಪಲಿ ಸಿಕ್ಕಿದ್ದು ಸಂಜೆ. ಅಣ್ಣ ಸಿಕ್ಕಿದ್ದು ಬೆಳಿಗ್ಗೆ. ವಾಚು ಓಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾದರೆ ಆ ರಾತ್ರಿ ಅವನು ಎಲ್ಲಿದ್ದ? ದಡದ ಯಾವ ಜೊಂಡು ಹಿಡಿದು ನೇತಾಡುತ್ತಿದ್ದ, ಯಾರನ್ನು ಕರೆದ, ನಾವು ಎಷ್ಟು ಹತ್ತಿರದಿಂದ ಕೇಳಿಸಿಕೊಳ್ಳದೆ ಹಾದುಹೋದೆವು? ಅಥವಾ ಆ ವಾಚಿಗೆ ನೀರು ನುಗ್ಗದಷ್ಟು ಬಿಗಿ ಇತ್ತೋ, ಅಂಗಡಿಯವರಿಗೆ ಗೊತ್ತಿಲ್ಲವೋ. ಹಾಗಿರಲಿ ಅಂತ ದೇವರಲ್ಲಿ ಕೇಳಿಕೊಳ್ಳುತ್ತೇನೆ. ಇನ್ನೊಬ್ಬರ ಹತ್ತಿರ ಹೋಗಿ ವಿಚಾರಿಸುವ ಧೈರ್ಯ ನನಗಿಲ್ಲ.

ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಪಕ್ಕದ ಮನೆಯಾಕೆಯ ಜೊತೆ ಅವರೆಕಾಯಿ ಸುಲಿಯುತ್ತಿದ್ದಳು. ಈಚೆಗೆ ಅವಳು ಅಣ್ಣನ ಮಾತು ಆಡುತ್ತಾಳೆ, ಮೊದಲು ಆಡುತ್ತಿರಲಿಲ್ಲ. ಮುಖದಲ್ಲಿ ಎಂಥದೋ ಹಗುರ ಬಂದಿದೆ.

"ನನ್ ದೊಡ್ ಮಗ ನರಳ್ನಿಲ್ಲ ಕಣಮ್ಮ," ಅನ್ನುತ್ತಿದ್ದಳು. "ಸಂಜೆ ಬಿದ್ದ, ಆಗ್ಲೇ ಓಗ್ಬುಟ್ಟ. ಒಂದ್ ಗಳಿಗೆನೂ ಕಷ್ಟ ಪಡ್ನಿಲ್ಲ." ಆಮೇಲೆ ನನ್ನನ್ನು ಕಂಡು, "ಅಲ್ವೇನ್ಲಾ?" ಅಂದಳು.

"ಹೂ ಕಣವ್ವ," ಅಂದೆ.